ಕೇಳುವವನ ಬ್ಯಾಟರಿ

ಗೊತ್ತಿಲ್ಲ ಎಂಬ ಮಾತು ಶಾಂತಾರಾಮ ಹೆಗಡೆಯವರ ಬಾಯಿಂದ ಹೊರಬಿದ್ದದ್ದನ್ನು ಶಿರಸಿಯಲ್ಲಿ ಯಾರೂ ಕೇಳಿರಲಿಲ್ಲ. ಸಿದ್ದಾಪುರದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ ಹೊತ್ತು ಹೇಳುತ್ತಿದ್ದರು, ಮೊಣಕಾಲು ನೋವಿಗೆ ಏನು ಮಾಡಬೇಕೆಂದು ಕೇಳಿದರೆ ಸೊಪ್ಪಿನ ಹೆಸರು ಹೇಳುತ್ತಿದ್ದರು. ಬಸ್ಸು ತಪ್ಪುತ್ತಿತ್ತು, ಮೊಣಕಾಲು ಊದುತ್ತಿತ್ತು. ಆದರೂ ಅವರು ಹೇಳುವ ಚೆಂದಕ್ಕೆ ಮರುಳಾಗಿ ಅದೇ ಜನ ಮರುವಾರ ಕುಂಟುತ್ತ ಬಂದು ಮತ್ತೆ ಅವರನ್ನೇ ಕೇಳುತ್ತಿದ್ದರು.

ಹೊಟ್ಟೆಪಾಡಿಗೆ ಅವರು ಅಡಿಕೆ ಮಾರಾಟದ ಸೊಸೈಟಿಯೊಂದರಲ್ಲಿ ಗುಮಾಸ್ತರು. ಪ್ರಾಣವಿದ್ದದ್ದು ತಾಳಮದ್ದಳೆಯಲ್ಲಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಪಂಚೆ ಉಟ್ಟ ನಾಲ್ಕು ಜನ ಜಮಖಾನೆಯ ಮೇಲೆ ಕೂತು ಆ ಪದಕ್ಕೆ ಅರ್ಥ ಹೇಳುತ್ತ, ರಾಜರಾಗಿ ಋಷಿಗಳಾಗಿ ತಾಸುಗಟ್ಟಲೆ ವಾದ ಮಾಡುತ್ತಾರೆ. ಸತ್ಯ ಯಾರ ಕಡೆಗಿತ್ತು ಎಂದು ಮನೆಗೆ ಹೋಗುವಾಗ ಯಾರೂ ಕೇಳುವುದಿಲ್ಲ. ಯಾರು ಚೆಂದ ಮಾತಾಡಿದರು ಎಂದಷ್ಟೇ ಕೇಳುತ್ತಾರೆ. ಈ ಕಲೆಯಲ್ಲಿ ಹೆಗಡೆಯವರಿಗೆ ಹದಿನೆಂಟು ವರ್ಷದಿಂದ ಸಿಗುತ್ತಿದ್ದದ್ದು ದೂತನ ಪಾತ್ರ. "ಮಹಾಪ್ರಭು, ಶತ್ರು ಬಾಗಿಲಲ್ಲಿದ್ದಾನೆ" ಎನ್ನುವುದು, ಎದ್ದು ಹೋಗುವುದು. ಇಷ್ಟರಲ್ಲೇ ಅವರು ಶತ್ರುವಿನ ಕುದುರೆಯ ಬಣ್ಣ, ಬಾಗಿಲಿಗೆ ಬಳಸಿದ ಮರದ ಜಾತಿ ಎಲ್ಲ ಸೇರಿಸಿ ಅರ್ಧ ತಾಸು ಎಳೆಯುತ್ತಿದ್ದರಾದ್ದರಿಂದ, ಕೂಟದ ಯಜಮಾನರಾದ ನಿಲ್ಕುಂದದ ಭಾಗವತರಿಗೆ ಅವರ ಕೈಯಲ್ಲಿ ದೊಡ್ಡ ಪಾತ್ರ ಕೊಡಲು ಧೈರ್ಯವಿರಲಿಲ್ಲ. ಎರಡು ಸಾವಿರದ ಮೂರನೇ ಇಸವಿಯಲ್ಲಿ ಮಾತ್ರ ಅವರ ಮನಸ್ಸು ಕರಗಿತು. ಮುಂದಿನ ತಿಂಗಳು ವಜ್ರಳ್ಳಿಯಲ್ಲಿ ನಡೆಯುವ ಕೂಟಕ್ಕೆ "ರಾಜ ನೀನೇಯ" ಎಂದುಬಿಟ್ಟರು. ಅಂದಿನಿಂದ ಹೆಗಡೆಯವರು ಬಚ್ಚಲುಮನೆಯಲ್ಲೂ ರಾಜ.

ಹೆಂಡತಿ ಪರಿಮಳಾ ಅವರ ಒಂದು ಕೂಟವನ್ನೂ ತಪ್ಪಿಸಿದವಳಲ್ಲ. ಮುಗಿದ ಮೇಲೆ "ಹೆಂಗಾತೆ?" ಎಂದು ಇವರು ಕೇಳುವುದು, "ಹೂಂ" ಎಂದು ಆಕೆ ಚೀಲ ಎತ್ತಿಕೊಳ್ಳುವುದು. ಈ ಕಡೆಯವರ ಬಾಯಲ್ಲಿ ಹೊಗಳಿಕೆಯ ತುತ್ತತುದಿ ಎಂದರೆ "ಅಡ್ಡಿಲ್ಲೆ". ಒಮ್ಮೆ ಅಡ್ಡಿಲ್ಲೆ ಅನ್ನಿಸಿಕೊಂಡ ಅಡುಗೆಭಟ್ಟರ ಮೊಮ್ಮಕ್ಕಳು ಇವತ್ತಿಗೂ ಅದನ್ನು ಹೇಳಿಕೊಳ್ಳುತ್ತಾರೆ. ಹೆಗಡೆಯವರಿಗೆ ಅದು ಮನೆಯೊಳಗಿನಿಂದ ಸಿಕ್ಕಿರಲಿಲ್ಲ. ರಾಜನ ಪಾತ್ರಕ್ಕೆ ಸಿಕ್ಕೇ ಸಿಗುತ್ತದೆಂದು ಅವರು ನಂಬಿ ಕೂತಿದ್ದರು.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ, ಸೊಸೈಟಿಯ ಜಗಲಿಯಲ್ಲಿ ಕೂಟದವರು ಅಭ್ಯಾಸಕ್ಕೆ ಸೇರಿದ್ದಾಗ, ಪರಿಮಳಾಳ ತಮ್ಮ ಕಿಶೋರ ಯಲ್ಲಾಪುರದಿಂದ ಬಂದ. ಅಲ್ಲಿ ಅವನದೊಂದು ಫೋಟೋ ಸ್ಟುಡಿಯೋ. ಹೆಗಲಲ್ಲಿ ಕ್ಯಾಮರಾದ ಚೀಲ, ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಗಂಟು. ಗಂಟು ಬಿಚ್ಚಿದರೆ ಮೊಳದುದ್ದದ ಕೆಂಪು ಕಾರು.

ಹಡಗಿನಲ್ಲಿ ಕೆಲಸ ಮಾಡುವ ಸ್ನೇಹಿತನೊಬ್ಬ ಅದನ್ನು ಕಿಶೋರನಿಗೆ ಕೊಟ್ಟು ಎರಡು ವರ್ಷವಾಗಿತ್ತು. ಕೀಲಿ ಕೊಟ್ಟರೆ ಓಡುವ ಆಟದ ಸಾಮಾನು ಅದಲ್ಲ. ಒಳಗೆ ಎಣ್ಣೆ ಕುಡಿದು ಓಡುವ ಖರೆ ಎಂಜಿನ್ನಿತ್ತು, ಎಣ್ಣೆಯ ಡಬ್ಬಿಯೂ ಜೊತೆಗೇ ಬಂದಿತ್ತು. ಕೈಯಲ್ಲಿ ಹಿಡಿದ ರಿಮೋಟು ಹೇಳಿದ್ದನ್ನು ಕಾರಿನೊಳಗಿನ ರಿಸೀವರ್ ಎಂಬ ಪುಟ್ಟ ಪೆಟ್ಟಿಗೆ ಕೇಳಿಸಿಕೊಂಡು, ಚಕ್ರ ತಿರುಗಿಸಿ ಬ್ರೇಕು ಹಾಕಿಸುತ್ತದೆ. ಆ ರಿಸೀವರಿಗೆ ಬೇರೆಯೇ ಬ್ಯಾಟರಿ. ಕಾರಿನ ಜೊತೆ ಬಂದ ಬ್ಯಾಟರಿ ಇಟ್ಟಲ್ಲೇ ಊದಿಕೊಂಡು ಸತ್ತಿತ್ತು. ಮದುವೆಯಾಗದ ಕಿಶೋರ ಎರಡು ವರ್ಷ ಆ ಕಾರನ್ನು ಒರೆಸಿ ಒರೆಸಿ ಇಟ್ಟಿದ್ದ, ಒಂದು ದಿನವೂ ಓಡಿಸಿರಲಿಲ್ಲ.

"ವೀರಪ್ಪಾ, ಈ ರಿಸೀವರಿಗೆ ಯಾವ ಸೆಲ್ ಹಾಕಬೇಕು?" ಎಂದು ಕೇಳಿದ.

ವೀರಪ್ಪ ಬನವಾಸಿಯವನು, ಶಿರಸಿಯಲ್ಲಿ ರೇಡಿಯೋ ರಿಪೇರಿ ಮಾಡುವವನು. ಕೂಟದ ಮೈಕ್ ಸೆಟ್ಟು ಅವನದೇ. ಹದಿನೆಂಟು ವರ್ಷ ಎಲ್ಲರ ಮಾತನ್ನೂ ಊರಿಗೆ ಕೇಳಿಸಿದ ಅವನು ಆ ಮೈಕಿನಲ್ಲಿ ಸ್ವಂತಕ್ಕೆ ಆಡಿದ್ದು "ಹಲೋ, ಹಲೋ, ಒಂದು, ಎರಡು, ಮೂರು" ಇಷ್ಟೇ. ಕಾರನ್ನು ಮಗುಚಿ ನೋಡಿ ಹೇಳಿದ: "ಚಾರ್ಜ್ ಮಾಡೋ ಸೆಲ್ಲು ಹಾಕ್ರಿ. ನಾಕು. ಸಾದಾ ಸೆಲ್ ಬ್ಯಾಡ."

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೆಗಡೆಯವರ ಜೇಬಿನಲ್ಲಿ, ಮನೆಯ ಗಡಿಯಾರಕ್ಕೂ ಟಾರ್ಚಿಗೂ ಎಂದು ಆಗಷ್ಟೇ ಪೇಟೆಯಿಂದ ತಂದ ನಾಲ್ಕು ಸಾದಾ ಸೆಲ್ಲುಗಳಿದ್ದವು. ಜೇಬಿನಲ್ಲಿರುವ ವಸ್ತುವನ್ನು ಬೇಡ ಎಂದರೆ ಯಾರಿಗೂ ಸ್ವಲ್ಪ ನೋವಾಗುತ್ತದೆ.

"ಸಾದಾ ಸೆಲ್ಲು ಯಾಕೆ ಬೇಡ?" ಎಂದರು.

"ದಮ್ಮಿರಂಗಿಲ್ರಿ ಅದಕ."

"ಸಾದಾ ಸೆಲ್ಲಿಗೆ ಎಷ್ಟು ವೋಲ್ಟು?"

"ಒಂದೂವರೆ ರೀ."

"ಚಾರ್ಜಿನ ಸೆಲ್ಲಿಗೆ?"

"ಒಂದು ಪಾಯಿಂಟ್ ಎರಡು."

"ಯಾವುದು ದೊಡ್ಡದು ವೀರಪ್ಪಾ?"

"ಒಂದೂವರೇನ ದೊಡ್ಡದು, ಖರೆ. ಆದ್ರ ವೋಲ್ಟು ಬ್ಯಾರೆ, ದಮ್ಮು ಬ್ಯಾರೆ ರೀ."

ಇದನ್ನು ಕೇಳುತ್ತಿದ್ದ ಭಾಗವತರಿಗೆ ಕೈ ತುರಿಸಿತು. ಎದುರಿಗೆ ಇಬ್ಬರು, ನಡುವೆ ಒಂದು ವಿಷಯ. "ಕೂತ್ಗಳಿ ಇಬ್ಬರೂವ. ಕ್ರಮಪ್ರಕಾರ ಆಗ್ಲಿ," ಎಂದು ತಾಳ ಎತ್ತಿಕೊಂಡರು. ಮದ್ದಳೆಯವನೂ ಬೆರಳಿನ ನೆಟಿಕೆ ಮುರಿದು ಸಜ್ಜಾದ. ವೀರಪ್ಪ ಬೇಡ ಬೇಡವೆಂದರೂ ಅವನನ್ನು ಜಮಖಾನೆಯ ಆ ತುದಿಗೆ ಕೂರಿಸಿದರು. ಕಾರು ನಡುವೆ ಕೂತಿತು.

ಹೆಗಡೆಯವರು ಶಾಲು ಸರಿಮಾಡಿಕೊಂಡರು. ದನಿ ಮೂರು ಮೆಟ್ಟಿಲು ಕೆಳಗಿಳಿಯಿತು.

"ಅಯ್ಯಾ ವೀರಪ್ಪನೇ, ಲಾಲಿಸು. ಈ ರಥವನ್ನು ಓಡಿಸುವವನಾರು? ಎಂಜಿನ್ನು. ಅವನ ಆಹಾರ ಡಬ್ಬಿಯಲ್ಲಿದೆ. ಆಜ್ಞೆ ಕೊಡುವವನಾರು? ರಿಮೋಟು. ಹಾಗಾದರೆ ಈ ರಿಸೀವರನ ಉದ್ಯೋಗವೇನು? ಕೇಳುವುದು. ಬರೀ ಕೇಳುವುದು. ಹೇಳುವವನಿಗೆ ಶಕ್ತಿ ಬೇಕು, ಒಪ್ಪಿದೆ. ಮಾಡುವವನಿಗೆ ಶಕ್ತಿ ಬೇಕು, ಅದನ್ನೂ ಒಪ್ಪಿದೆ. ಕಿವಿ ತೆರೆದು ಸುಮ್ಮನೆ ಕೂರುವವನಿಗೆ ಶಕ್ತಿ ಯಾತಕ್ಕೆ? ಈ ಸಭೆಯಲ್ಲಿ ಇಷ್ಟು ಜನ ನನ್ನ ಮಾತು ಕೇಳುತ್ತಿದ್ದೀರಿ. ಯಾರಿಗಾದರೂ ಒಂದು ಹನಿ ಬೆವರು ಬಂದಿದೆಯೇ?"

ಎಲ್ಲರೂ ಹಣೆ ಮುಟ್ಟಿ ನೋಡಿಕೊಂಡರು. ಬಂದಿರಲಿಲ್ಲ. ಚಪ್ಪಾಳೆ ಬಿತ್ತು. ಮದ್ದಳೆಯವನು ಆ ಹುರುಪಿನಲ್ಲಿ ಮುಕ್ತಾಯ ಹೊಡೆದುಬಿಟ್ಟ.

"ಅದರೊಳಗ ಎರಡು ಸಣ್ಣ ಮೋಟರ್ ಅದಾವ್ರಿ," ಎಂದ ವೀರಪ್ಪ. "ಚಕ್ರ ತಿರುವಾಕ ಒಂದು, ಬ್ರೇಕಿಗೊಂದು. ಅವೂ ಇದಽ ಬ್ಯಾಟರಿ ಮ್ಯಾಲೆ..."

"ಮುಕ್ತಾಯ ಆದಮೇಲೆ ಮಾತಾಡೋ ಹಂಗಿಲ್ಲ ಮಾರಾಯ," ಎಂದರು ಭಾಗವತರು. ಅದು ಆ ಕಲೆಯ ನಿಯಮ. ಇಡೀ ಮಧ್ಯಾಹ್ನ ಯಾರಾದರೂ ಆಡಿದ ಏಕಮಾತ್ರ ಸರಿಯಾದ ಮಾತು ಹೀಗೆ ಲೆಕ್ಕಕ್ಕೆ ಬಾರದೆ ಹೋಯಿತು. ವೀರಪ್ಪನಿಗೂ ಬೇಸರವಾಗಲಿಲ್ಲ. ತಂತಿ ಸುತ್ತುತ್ತ, "ಹೆಗಡೇರು ಹೇಳೋದೂ ಖರೇನ ಇರಬೌದು, ನಾ ಬರೇ ರಿಪೇರಿ ಮಾಡಾಂವ," ಎಂದುಕೊಂಡ.

ಕಿಶೋರ ಮಾತ್ರ ಕಾರನ್ನು ತಬ್ಬಿ ಹಿಡಿದಿದ್ದ. "ಭಾವಾ, ನಡುವೆ ನಿಂತ್ಹೋದ್ರೆ?"

"ಸೆಲ್ಲಿನ ದೆಸೆಯಿಂದ ಆ ಕಾರು ನಿಂತ್ರೆ ವಜ್ರಳ್ಳಿಲಿ ಆನು ರಾಜ ಅಲ್ಲ. ಅವತ್ತು ಬಾಯಿ ತೆಗಿತ್ನಿಲ್ಲೆ."

ಹೆಗಡೆಯವರು ಬಾಯಿ ಪಣಕ್ಕಿಡುವುದೆಂದರೆ ಉಳಿದವರು ಮನೆ ಪಣಕ್ಕಿಟ್ಟ ಹಾಗೆ. "'ನಿಂತರೆ' ಹೇಳಿ ಹೇಳಿದ್ದ, ಎಲ್ಲ ಕೇಳಿದ್ರಲಿ?" ಎಂದು ಭಾಗವತರು ಸಾಕ್ಷಿ ಮಾಡಿಸಿದರು.

ರಾತ್ರಿ ಊಟಕ್ಕೆ ಕೂತಾಗ ಹೆಗಡೆಯವರು ಇಡೀ ವಾದವನ್ನು ಹೆಂಡತಿಗೆ ಇನ್ನೊಮ್ಮೆ ಹೇಳಿದರು. "ಬರೀ ಕೇಳ್ತಾ ಕೂಪವಕ್ಕೆ ಎಂತ ಶಕ್ತಿ ಬೇಕು, ನೀನೇ ಹೇಳು."

"ಹೂಂ," ಎಂದಳು ಪರಿಮಳಾ. ಮೊಸರಿನ ಪಾತ್ರೆ ಕೆಳಗಿಡುವಾಗ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಶಬ್ದವಾಯಿತು. ಹೆಗಡೆಯವರು ಮುಂದಿನ ವಾಕ್ಯದಲ್ಲಿದ್ದರು, ಅವರಿಗೆ ಅದು ಕೇಳಲಿಲ್ಲ.

ಭಾನುವಾರ ಅವರು ನಾಲ್ಕೂ ಸೆಲ್ಲುಗಳನ್ನು ಬಿಸಿಲಿಗೆ ಒಣಗಿಸಿದರು. ಅವರ ಅಪ್ಪಯ್ಯ ಟಾರ್ಚಿನ ಸೆಲ್ಲು ಸೋತಾಗ ಹಾಗೆ ಮಾಡುತ್ತಿದ್ದರು; ಸೋತದ್ದಕ್ಕೇ ಬಿಸಿಲಿನಿಂದ ಜೀವ ಬರುವುದಾದರೆ ಹೊಸದಕ್ಕೆ ಎಷ್ಟು ಬರಬೇಡ ಎಂಬುದು ಇವರ ತರ್ಕ. ಪಕ್ಕದ ಮನೆಯ ಲಕ್ಷ್ಮೀ ಬೇಲಿಯಿಂದ ಇಣುಕಿ, ಹಪ್ಪಳದ ಚಾಪೆಯ ಮೇಲೆ ನಾಲ್ಕೇ ನಾಲ್ಕು ಸೆಲ್ಲು ಮಲಗಿದ್ದು, ಗುಮಾಸ್ತರು ಕೋಲು ಹಿಡಿದು ಕಾಗೆ ಕಾಯುತ್ತಿದ್ದುದನ್ನು ನೋಡಿದಳು. "ಪರಿಮಳಕ್ಕಾ, ಹೆಗಡೇರಿಗೆ ಹುಷಾರಿದ್ದಲ?" ಎಂದು ಕೇಳಿದಳು. ಒಳಗಿನಿಂದ "ಹೂಂ" ಎಂದು ಬಂತು.

ಇನ್ನು ಓಡಿಸುವ ಜಾಗ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಹುಡುಕಿದರೂ ಐವತ್ತು ಹೆಜ್ಜೆ ಸಪಾಟು ನೆಲ ಸಿಗುವುದು ಅಪರೂಪ. ಇಲ್ಲಿ ಕ್ರಿಕೆಟ್ ಆಡುವವರು ಒಂದು ತುದಿಯಿಂದ ಏರಿಗೆ, ಇನ್ನೊಂದು ತುದಿಯಿಂದ ಇಳುಕಲಿಗೆ ಚೆಂಡು ಹಾಕುತ್ತಾರೆ. ಹಾಗಾಗಿ ಉಳಿದದ್ದು ಸೊಸೈಟಿಯ ಸಿಮೆಂಟಿನ ಅಂಗಳ. ಸೋಮವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಎಂದು ನಿಶ್ಚಯವಾಯಿತು. ಅಂಗಳದ ಒಂದು ಬದಿಗೆ ದುರ್ಗಿ ಕೂತಿದ್ದಳು. ಮೂವತ್ತು ವರ್ಷದಿಂದ ಅಡಿಕೆ ಆರಿಸುವವಳು. ಬೆಳಗಿನಿಂದ ಆರಿಸಿದ ಚಾಲಿ, ಕೆಂಪುಗೋಟು, ಬಿಳಿಗೋಟು ಮೂರು ಜಾತಿ ಮೂರು ರಾಶಿಯಾಗಿ ಅವಳ ಸುತ್ತ ಬಿದ್ದಿತ್ತು.

ಕಿಶೋರ ಎಣ್ಣೆ ತುಂಬಿ ಎಂಜಿನ್ ಎಬ್ಬಿಸಿದ. ಕಣಜದ ಗೂಡಿಗೆ ಕಲ್ಲು ಬಿದ್ದಂಥ ಸದ್ದು. ಕಾರು ಹೊರಟಿತು. ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ, ಅಂಗಳಕ್ಕೆ ಮೂರು ಸುತ್ತು ಬಂತು. ಎರಡು ವರ್ಷದಲ್ಲಿ ಮೊದಲ ಸಲ ಕಿಶೋರ ಹಲ್ಲು ಬಿಟ್ಟು ನಕ್ಕ.

"ಕೇಳ್ತಾ ಉಂಟೋ ಇಲ್ಲವೋ ವೀರಪ್ಪಾ?" ಎಂದರು ಹೆಗಡೆಯವರು. "ಬೆವರಿದೆಯೇ ನೋಡು."

ನಾಲ್ಕನೇ ಸುತ್ತಿನಲ್ಲಿ ಕಿಶೋರ ಎಡಕ್ಕೆ ತಿರುಗಿಸಿದ. ಕಾರು ತಿರುಗಲಿಲ್ಲ. ಬ್ರೇಕು ಒತ್ತಿದ. ಅದೂ ಇಲ್ಲ. ಪದೇ ಪದೇ ಚಕ್ರ ತಿರುಗಿಸಿ ತಿರುಗಿಸಿ ಸಾದಾ ಸೆಲ್ಲುಗಳ ದಮ್ಮು ಕಟ್ಟಿತ್ತು, ಕೇಳುವವನು ಕಿವುಡಾಗಿದ್ದ. ಎಂಜಿನ್ನಿಗೆ ಮಾತ್ರ ಇದರ ಸುದ್ದಿಯೇ ಇಲ್ಲ. ಅದಕ್ಕೆ ತಲುಪಿದ ಕೊನೆಯ ಆಜ್ಞೆ ಜೋರಾಗಿ ಹೋಗು ಎಂಬುದು. ಅದು ಜೋರಾಗಿ ಹೋಯಿತು.

ಮೊದಲು ಚಾಲಿಯ ರಾಶಿಯನ್ನು ಸೀಳಿಕೊಂಡು ಕೆಂಪುಗೋಟಿಗೆ ನುಗ್ಗಿತು, ಅಲ್ಲಿಂದ ಬಿಳಿಗೋಟಿಗೆ. ಮೂರು ಜಾತಿಯ ಅಡಿಕೆಯೂ ಒಂದಾಗಿ ಅಂಗಳದ ತುಂಬ ಉರುಳಾಡಿತು. ಕಾರು ಮೆಟ್ಟಿಲಿಲ್ಲದ ಬಾಗಿಲಿಂದ ಆಫೀಸಿನೊಳಗೆ ಹೋಗಿ ಕಾರ್ಯದರ್ಶಿಗಳ ಮೇಜಿನ ಕೆಳಗೆ ದಾಟಿತು. ಅವಲಕ್ಕಿಯ ಡಬ್ಬಿ ಬಿಚ್ಚುತ್ತಿದ್ದ ಕಾರ್ಯದರ್ಶಿಗಳು ಎರಡೂ ಕಾಲು ಮೇಲೆತ್ತಿ, ಶಾಂತವಾಗಿ, "ಹೆಗಡೆಯವರೇ, ಇದು ಯಾವ ಫೈಲಿಗೆ ಸಂಬಂಧಪಟ್ಟದ್ದು?" ಎಂದು ಕೇಳಿದರು. ಉತ್ತರ ಬರುವಷ್ಟರಲ್ಲಿ ಕಾರು ಗೋಡೆಗೆ ತಾಗಿ ತಿರುಗಿ ಬಂದ ಬಾಗಿಲಲ್ಲೇ ಹೊರಗೆ ಹೋಗಿತ್ತು. ಹೆಗಡೆಯವರು ಪಂಚೆ ಎತ್ತಿಕೊಂಡು ಅದರ ಹಿಂದೆ ಓಡುತ್ತ, "ನಿಲ್ಲು, ಮಾರಾಯ ನಿಲ್ಲು" ಎಂದು ಅಂಗಲಾಚುತ್ತಿದ್ದರು. ಅದು ನಿಂತರೆ ತಮ್ಮ ರಾಜ್ಯ ಹೋಗುತ್ತದೆಂಬುದು ಆ ಹೊತ್ತಿಗೆ ಅವರ ತಲೆಯಲ್ಲಿರಲಿಲ್ಲ.

ದುರ್ಗಿ ಎದ್ದಳು. ಅವಸರ ಮಾಡಲಿಲ್ಲ. ಕಾರು ತನ್ನತ್ತ ಬರುವವರೆಗೆ ಕಾದು, ಅಡಿಕೆಯ ಬುಟ್ಟಿಯನ್ನು ಅದರ ಮೇಲೆ ಕವುಚಿ ಹಾಕಿದಳು. ಈಗ ಬುಟ್ಟಿ ಓಡತೊಡಗಿತು. ಕಟ್ಟೆಯ ಮೇಲೆ ಊಟಕ್ಕೆ ಕೂತಿದ್ದ ಹೆಂಗಸರಲ್ಲಿ ಇಬ್ಬರು ಅದಕ್ಕೆ ಕೈಮುಗಿದರು. ಬುಟ್ಟಿ ಗೋಡೆಗೆ ಹೋಗಿ ಮುಖ ಒತ್ತಿ ಗುರುಗುಟ್ಟುತ್ತಿದ್ದಾಗ ದುರ್ಗಿ ಅದರ ಮೇಲೊಂದು ಅಡಿಕೆಯ ಚೀಲ ಹೇರಿ, ಅದರ ಮೇಲೆ ತಾನು ಕೂತಳು. ಒಳಗೆ ಎಂಜಿನ್ನು ಇನ್ನೊಂದಿಷ್ಟು ಹೊತ್ತು ಕೂಗಿ ಸುಮ್ಮನಾಯಿತು.

"ಹೆಗಡೇರೇ, ಬೆಳಿಗ್ಗಿಂದ ಆರಿಸಿದ್ದು ಇದು," ಎಂದಳು ಕೂತಲ್ಲಿಂದಲೇ. "ಈಗ ಇದನ್ನು ಆರಿಸೋರು ಯಾರು?"

ಆರಿಸುವವರು ಯಾರೆಂದು ಕಾರ್ಯದರ್ಶಿಗಳು ಬಾಗಿಲಲ್ಲಿ ನಿಂತು ಬೆರಳು ತೋರಿಸಿದರು. ಆ ಮಧ್ಯಾಹ್ನವೆಲ್ಲ ಹೆಗಡೆಯವರು ದುರ್ಗಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತು ಅಡಿಕೆ ಆರಿಸಿದರು. ಅವರು ಚಾಲಿ ಎಂದು ಇಟ್ಟದ್ದನ್ನು ದುರ್ಗಿ ಮಾತಿಲ್ಲದೆ ಎತ್ತಿ ಬಿಳಿಗೋಟಿಗೆ ಹಾಕುತ್ತಿದ್ದಳು. ಇಪ್ಪತ್ತು ವರ್ಷದಿಂದ ಅಡಿಕೆಯ ಸೊಸೈಟಿಯಲ್ಲಿದ್ದ ಮನುಷ್ಯ ಬಿಳಿಗೋಟು ಯಾವುದೆಂದು ಕಲಿತದ್ದು ಅವತ್ತು.

ಐದು ಗಂಟೆಗೆ ಸುದ್ದಿ ಕೇಳಿ ಭಾಗವತರೂ ಮದ್ದಳೆಯವನೂ ಬಂದರು. ಪರಿಮಳಾಳೂ ತಮ್ಮನ ಕಾರು ಏನಾಯಿತೆಂದು ನೋಡಲು ಬಂದಳು. ಅಡಿಕೆಯ ರಾಶಿಯ ಸುತ್ತಲೇ ಸಭೆ ಸೇರಿತು. ವಜ್ರಳ್ಳಿಗೆ ರಾಜ ಯಾರೆಂದು ತೀರ್ಮಾನವಾಗಬೇಕಿತ್ತು.

"'ಕಾರು ನಿಂತರೆ' ಹೇಳಿ ಪಣ," ಎಂದ ಮದ್ದಳೆಯವನು. "ಸೆಲ್ಲಿನ ದೆಸೆಯಿಂದ ಅದು ನಿಂತಿದ್ದಿಲ್ಲೆ. ನಿಂತಿದ್ದು ದುರ್ಗಿಯಿಂದ."

ಕಾರನ್ನು ತೊಡೆಯ ಮೇಲಿಟ್ಟುಕೊಂಡು ಅಂಗಿಯ ಚುಂಗಿನಿಂದ ಚಕ್ರ ಒರೆಸುತ್ತಿದ್ದ ವೀರಪ್ಪ ತಲೆ ಎತ್ತಿದ. "ಹೌದ್ರಿ. ನಿಲ್ಲಲೇ ಇಲ್ಲಲ್ರಿ. ಹೆಗಡೇರು ಗೆದ್ದಂಗಽ ಆತು." ಅವನ ಮಾತಿನಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ.

ಭಾಗವತರು ಹೆಗಡೆಯವರ ಕಡೆ ನೋಡಿದರು. ಎಲ್ಲರೂ ನೋಡಿದರು. ಹೆಗಡೆಯವರ ಬಾಯಿಯ ತುದಿಯಲ್ಲಿ ಮಾತು ಸಾಲುಗಟ್ಟಿ ನಿಂತಿತ್ತು. ನಿಲ್ಲುವುದೆಂದರೇನು, ನಿಲ್ಲದಿರುವುದೆಂದರೇನು, ನಲವತ್ತು ನಿಮಿಷಕ್ಕೆ ಸಾಕಾಗುವಷ್ಟಿತ್ತು. ಅವರು ಉಸಿರು ಎಳೆದುಕೊಂಡರು. ಅಷ್ಟರಲ್ಲಿ ವೀರಪ್ಪ ಒರೆಸುವುದನ್ನು ಬಿಟ್ಟು, ಹದಿನೆಂಟು ವರ್ಷದಿಂದ ಮೈಕಿನ ಪೆಟ್ಟಿಗೆಯ ಪಕ್ಕ ಹೇಗೆ ಕೂರುತ್ತಿದ್ದನೋ ಹಾಗೆ, ಕೇಳಲಿಕ್ಕೆ ಸರಿಯಾಗಿ ಕೂತುಕೊಂಡ. ಅದನ್ನು ನೋಡಿ ಹೆಗಡೆಯವರಿಗೆ ಒಳಗೆಲ್ಲೋ ನಾಚಿಕೆಯಾಯಿತು.

"ತಪ್ಪು ಎನ್ನದೇಯ," ಎಂದರು. "ವೀರಪ್ಪ ಸರೀನೇ ಹೇಳಿದ್ದ. ಆನು ಕೇಳಿದ್ನಿಲ್ಲೆ."

ಮುಂದಿನ ವಾಕ್ಯಕ್ಕೆ ಎಲ್ಲರೂ ಕಾದರು. ಮುಂದಿನ ವಾಕ್ಯವಿರಲಿಲ್ಲ. ಹೆಗಡೆಯವರು ಒಂದು ಕೆಂಪುಗೋಟನ್ನು ಸರಿಯಾದ ರಾಶಿಗೆ ಹಾಕಿದರು, ದುರ್ಗಿ ಅದನ್ನು ಎತ್ತಲಿಲ್ಲ.

ವೀರಪ್ಪನಿಗೆ ಏನು ಮಾಡಬೇಕೋ ತೋಚದೆ, ಕೈ ಖಾಲಿ ಇರಬಾರದೆಂದು ಕಿಶೋರನ ಕ್ಯಾಮರಾದ ಚೀಲವನ್ನು ಎಳೆದುಕೊಂಡ. "ಫ್ಲ್ಯಾಶಿಗೆ ಏನ್ ಹಾಕ್ತೀರಿ ಇದರಾಗ?"

"ಚಾರ್ಜಿನ ಸೆಲ್ಲು. ನಾಲ್ಕು," ಎಂದ ಕಿಶೋರ. ಹೇಳಿ ಮುಗಿಸಿದ ಮೇಲೆ ಅವನ ಬಾಯಿ ತೆರೆದೇ ಉಳಿಯಿತು. ಎರಡು ವರ್ಷ ಅವನು ಹುಡುಕಿದ್ದು ಎರಡು ವರ್ಷವೂ ಅವನ ಹೆಗಲಲ್ಲೇ ಇತ್ತು.

ಆ ನಾಲ್ಕನ್ನು ಹಾಕಿ, ಡಬ್ಬಿಯಲ್ಲಿ ಉಳಿದ ಎಣ್ಣೆ ತುಂಬಿ, ಅವರೆಲ್ಲ ಕಾರನ್ನು ಇನ್ನೊಮ್ಮೆ ಓಡಿಸಿದರು. ಕಿಶೋರ ರಿಮೋಟನ್ನು ವೀರಪ್ಪನ ಕೈಗೆ ಕೊಟ್ಟ. ಕಾರು ಹತ್ತು ಸುತ್ತು ಬಂತು, ಒಂದು ಅಡಿಕೆಯನ್ನೂ ಮುಟ್ಟದೆ ಮೂರೂ ರಾಶಿಯ ನಡುವೆ ಹಾದು ದುರ್ಗಿಯ ಕಾಲಿನ ಮುಂದೆ ಗೇಣಿನಷ್ಟು ದೂರದಲ್ಲಿ ನಿಂತಿತು.

"ಈಗ ಬುದ್ಧಿ ಬಂತು," ಎಂದಳು ದುರ್ಗಿ, ಹೆಗಡೆಯವರನ್ನು ನೋಡಿಕೊಂಡೇ.

ಭಾಗವತರು ತೀರ್ಪು ಕೊಟ್ಟರು. "ಶಾಂತಾರಾಮ, ಪಣದ ಮಾತಿನ ಪ್ರಕಾರ ನೀ ಸೋತಿದ್ದಿಲ್ಲೆ. ರಾಜ ನೀನೇಯ. ಆದ್ರೆ ಪ್ರಸಂಗ ಬದಲು ಮಾಡ್ತೆ. ಋಷಿ ಎರಡು ತಾಸು ಕಥೆ ಹೇಳ್ತ, ರಾಜ ಕೂತ್ಗಂಡು ಕೇಳ್ತ. ನಡುವೆ ಮೂರು ಸಲ 'ಮುಂದೇನಾಯಿತು ಮುನಿಗಳೇ' ಹೇಳವು. ಅಷ್ಟೇಯ."

ವಜ್ರಳ್ಳಿಯ ಕೂಟ ಭಾನುವಾರ ಮಧ್ಯಾಹ್ನ ಎರಡಕ್ಕೆ ಶುರುವಾಯಿತು. ಹೆಗಡೆಯವರು ಜರಿಯ ಶಾಲು ಹೊದ್ದು ರಾಜನಾಗಿ ಕೂತರು. ಋಷಿಯಾದ ಸಿದ್ದಾಪುರದ ಮೇಷ್ಟ್ರು ಮೊದಲ ಹತ್ತು ನಿಮಿಷದಲ್ಲೇ ರಾಜವಂಶದಲ್ಲಿ ಒಬ್ಬ ಅಜ್ಜನನ್ನು ಬಿಟ್ಟು ಮುಂದೆ ಹೋದರು. ಹೆಗಡೆಯವರ ತುಟಿ ಅಲುಗಿತು. ಮುಂದಿನ ಸಾಲಿನಲ್ಲಿ ಪರಿಮಳಾ ಕೂತಿದ್ದಳು, ಅವಳ ಪಕ್ಕ ಕಿಶೋರ. ತುಟಿ ಮುಚ್ಚಿತು. ಮೇಷ್ಟ್ರು ಅರಮನೆಯ ಬಾಗಿಲ ಹತ್ತಿರ ಬಂದರು, ಅದಕ್ಕೆ ಬಳಸಿದ ಮರ ಯಾವುದೆಂದು ಹೇಳಲೇ ಇಲ್ಲ. ಹೆಗಡೆಯವರು ಪಂಚೆಯ ಅಂಚು ಹಿಡಿದುಕೊಂಡರು. ಹೀಗೆ ಹಿಡಿದು, ನುಂಗಿ, ತಡೆದು ಸುಮಾರು ಒಂದು ತಾಸಾದ ಮೇಲೆ ಒಂದು ವಿಚಿತ್ರ ನಡೆಯಿತು. ಕಥೆ ಅವರಿಗೆ ಕೇಳಿಸತೊಡಗಿತು. ಮೂರನೇ ಸಲ "ಮುಂದೇನಾಯಿತು ಮುನಿಗಳೇ" ಎಂದಾಗ ಅವರಿಗೆ ನಿಜವಾಗಿಯೂ ಮುಂದೇನಾಯಿತು ಎಂದು ತಿಳಿಯಬೇಕಾಗಿತ್ತು. ದನಿಯಲ್ಲಿ ಅದು ಗೊತ್ತಾಗಿ ಸಭೆಯೂ ಸ್ವಲ್ಪ ಮುಂದಕ್ಕೆ ಬಾಗಿತು.

ಮುಗಿದಾಗ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಹಣೆಯಿಂದ ನೀರಿಳಿಯುತ್ತಿತ್ತು. ತಂತಿ ಸುತ್ತುತ್ತಿದ್ದ ವೀರಪ್ಪ ಒಂದು ತಂಬಿಗೆ ನೀರು ತಂದುಕೊಟ್ಟ.

"ದಮ್ಮು ಬೇಕು ವೀರಪ್ಪಾ," ಎಂದರು ಹೆಗಡೆಯವರು.

"ಬೇಕ್ರಿ," ಎಂದ ವೀರಪ್ಪ. "ಕುಡೀರಿ."

ಕಿಶೋರ ಅಲ್ಲಿಂದಲೇ ಯಲ್ಲಾಪುರದ ಕಡೆ ಹೊರಟ. ಗಂಡ ಹೆಂಡತಿ ಶಿರಸಿಯ ಬಸ್ಸಿಗೆಂದು ರಸ್ತೆಗೆ ಬಂದರು. ಹೆಗಡೆಯವರು ಅವತ್ತು ಹೆಂಗಾತೆ ಎಂದು ಕೇಳಲಿಲ್ಲ.

"ಬಸ್ಸು ಎಷ್ಟೊತ್ತಿಗೆ?" ಎಂದು ಪರಿಮಳಾ ಕೇಳಿದಳು.

ಐದೂ ಹತ್ತು ಎಂಬ ಮಾತು ಹೆಗಡೆಯವರ ನಾಲಿಗೆಯ ಮೇಲೆ ಬಂದು ಕೂತಿತು. ಅದನ್ನು ಅಲ್ಲಿಯೇ ಕೂರಲು ಬಿಟ್ಟು, "ಎಂಗೆ ಗೊತ್ತಿಲ್ಲೆ. ತಡಿ, ಕೇಳ್ಕಂಡು ಬತ್ತೆ," ಎಂದು ರಸ್ತೆಯಾಚೆಯ ಅಂಗಡಿಯ ಕಡೆ ನಡೆದರು.

ಪರಿಮಳಾ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. "ಅಡ್ಡಿಲ್ಲೆ," ಎಂದಳು, ಯಾರಿಗೂ ಅಲ್ಲದ ಹಾಗೆ, ಬಲು ಮೆತ್ತಗೆ.

ಹೆಗಡೆಯವರು ಆಗಲೇ ರಸ್ತೆಯ ಆಚೆ ಬದಿ ಮುಟ್ಟಿದ್ದರು. ಆದರೂ ಅವರಿಗೆ ಅದು ಕೇಳಿತು. ಅಂಗಡಿಯವನು "ಎಂತ ಬೇಕಾಗಿತ್ತು?" ಎಂದು ಎರಡೆರಡು ಸಲ ಕೇಳಿದ. ಅವರಿಗೆ ತಾವು ಏನು ಕೇಳಲು ಬಂದದ್ದೆಂದು ಮರೆತೇಹೋಗಿತ್ತು. ಅಂಗಡಿಯ ಕಂಬ ಹಿಡಿದು ಸುಮ್ಮನೆ ನಗುತ್ತ ನಿಂತರು, ಶಿರಸಿಯ ಬಸ್ಸು ಅವರ ಬೆನ್ನ ಹಿಂದೆಯೇ ಹೋಯಿತು.